ಒಂದು ಕಣ್ಣು ಮುಚ್ಚಿ ನೋಡಿ

(ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಮತ್ತು ಚಿಕ್ಕ ಮಕ್ಕಳ ತಂದೆತಾಯಂದಿರ ಮುಂದೆ, ಮಕ್ಕಳ ಕಣ್ಣಿನ ಬಗ್ಗೆ ಕಣ್ಣಿನ ಡಾಕ್ಟರಾಗಿ ನಾನು ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಆ ಗೋಡೆಯ ಮೇಲೆ ಕ್ಯಾಲೆಂಡರ್ ಇದೆಯಲ್ಲ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಅದರ ತಾರೀಕುಗಳನ್ನು ಓದಿ. ಒತ್ತಬೇಡಿ, ಸುಮ್ನೆ ಮುಚ್ಚಿದರೆ ಸಾಕು. ಆಯ್ತಾ? ಈಗ ಬಲಗಣ್ಣು ಮುಚ್ಚಿಕೊಂಡು ಓದಿ. ಎರಡರಲ್ಲೂ ಒಂದೇ ಥರ ಕಾಣಿಸಿತಾ?

ಹೋದ ಕಡೆಯೆಲ್ಲ ನಾನು ಇದನ್ನು ಮಾಡಿಸುತ್ತೇನೆ. ಎಷ್ಟೋ ಸಲ ಸಭೆಯಲ್ಲಿ ಯಾರಾದರೂ ಒಬ್ಬರು ಕೈ ಇಳಿಸಿ, ಮತ್ತೆ ಮುಚ್ಚಿ, ಮತ್ತೆ ಇಳಿಸಿ ನೋಡುತ್ತಾ ಕೂತುಬಿಡುತ್ತಾರೆ. ಅಷ್ಟು ವರ್ಷ ಒಂದೇ ಕಣ್ಣಿನಲ್ಲಿ ಸಂಸಾರ ನಡೆಸಿರುತ್ತಾರೆ, ಅವರಿಗೇ ಅದು ಗೊತ್ತಿರುವುದಿಲ್ಲ. ದೊಡ್ಡವರಿಗೇ ಗೊತ್ತಾಗದ್ದು ಮೂರು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು? ಮಗುವಿಗೆ ಹೊಟ್ಟೆ ನೋವಾದರೆ ಅಳುತ್ತದೆ, ಕಿವಿ ನೋವಾದರೆ ಕಿವಿ ಎಳೆದುಕೊಳ್ಳುತ್ತದೆ. ಕಣ್ಣು ಮಂಜಾದರೆ ಸುಮ್ಮನಿರುತ್ತದೆ. ಯಾಕೆಂದರೆ ಹುಟ್ಟಿದಾಗಿನಿಂದ ಅದಕ್ಕೆ ಪ್ರಪಂಚ ಕಾಣಿಸಿರುವುದೇ ಹಾಗೆ. ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ಹಾಗಾಗಿ 'ಮಗು ಏನಾದರೂ ಹೇಳಿದರೆ ತೋರಿಸೋಣ' ಅಂತ ಕಾಯುತ್ತಾ ಕೂತರೆ ಕೆಲಸ ಕೆಡುತ್ತದೆ. ಇವತ್ತು ನಾನು ಹೇಳಲು ಬಂದಿರುವುದು ಇದನ್ನೇ.

ಕಾಯುವುದರಿಂದ ಅಂಥದ್ದೇನು ನಷ್ಟ, ಹತ್ತು ವರ್ಷಕ್ಕೆ ಕನ್ನಡಕ ಹಾಕಿಸಿದರೆ ಆಗುವುದಿಲ್ಲವಾ ಅಂತ ಕೇಳಬಹುದು. ದೊಡ್ಡವರ ಕಣ್ಣಾದರೆ ನಿಮ್ಮ ಮಾತು ಸರಿ. ಅಜ್ಜನಿಗೆ ಪೊರೆ ಬಂದು ಎರಡು ವರ್ಷ ಬಿಟ್ಟು ಆಪರೇಷನ್ ಮಾಡಿಸಿದರೂ ಸಾಮಾನ್ಯವಾಗಿ ಮತ್ತೆ ಕಾಣುತ್ತದೆ. ಮಗುವಿನ ಲೆಕ್ಕವೇ ಬೇರೆ. ಹುಟ್ಟಿದ ಮಗುವಿನ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್, ದೊಡ್ಡವರಾಗುವ ಹೊತ್ತಿಗೆ 23–24 ಆಗುತ್ತದೆ. ಕಣ್ಣು ಬೆಳೆಯುವಾಗಲೇ ಮಿದುಳು ನೋಡುವುದನ್ನು ಕಲಿಯುತ್ತಿರುತ್ತದೆ. ಕಣ್ಣು ಚಿತ್ರ ಕಳಿಸುತ್ತದೆ, ಆ ಚಿತ್ರವನ್ನು ಓದಿಕೊಳ್ಳುವುದು ಮಿದುಳು. ಆ ಕಲಿಕೆಗೆ ಒಂದು ವಯಸ್ಸಿದೆ. ಮೊದಲ ಕೆಲವು ತಿಂಗಳಲ್ಲಿ ಅದು ಬಹಳ ಚುರುಕು, ಆಮೇಲೆ ಏಳೆಂಟು ವರ್ಷದವರೆಗೂ ನಡೆದು ನಿಧಾನವಾಗಿ ಗಟ್ಟಿಯಾಗುತ್ತದೆ.

ಇದು ಗೊತ್ತಾಗಿದ್ದು 1960ರ ದಶಕದಲ್ಲಿ. ಅಮೆರಿಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್‌ಸ್ಟನ್ ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು ಕೆಲವು ವಾರ ಬಿಟ್ಟರು. ಕೇಳಲು ಸಂಕಟವಾಗುವ ಪ್ರಯೋಗ, ಹೌದು. ಆಮೇಲೆ ಹೊಲಿಗೆ ಬಿಚ್ಚಿದರೆ ಕಣ್ಣು ಚೆನ್ನಾಗಿಯೇ ಇತ್ತು. ಆದರೆ ಮರಿಗೆ ಆ ಕಣ್ಣಿನಿಂದ ಕಾಣುತ್ತಿರಲಿಲ್ಲ. ಮಿದುಳಿನಲ್ಲಿ ಆ ಕಣ್ಣಿಗೆ ಸೇರಬೇಕಿದ್ದ ಜಾಗವನ್ನು ಇನ್ನೊಂದು ಕಣ್ಣು ಹಿಡಿದುಕೊಂಡಿತ್ತು. ಬೆಳೆದ ಬೆಕ್ಕಿಗೆ ಅದನ್ನೇ ಮಾಡಿದಾಗ ಹಾಗೇನೂ ಆಗಲಿಲ್ಲ. ಅಂದರೆ ಪೆಟ್ಟು ಬೀಳುವುದು ಎಳೆತನದಲ್ಲಿ ಮಾತ್ರ. ಆ ಕೆಲಸಕ್ಕೆ ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು. ಇವತ್ತು ನಾವು ಆರು ವಾರದ ಕೂಸಿಗೂ ಪೊರೆಯ ಆಪರೇಷನ್ ಮಾಡಿ ಅಂತ ಗಡಿಬಿಡಿ ಮಾಡುವುದರ ಹಿಂದೆ ಆ ಬೆಕ್ಕಿನ ಮರಿಗಳಿವೆ.

ನಮ್ಮ ದೇಶದ ಒಂದು ಕೆಲಸವನ್ನೂ ಹೇಳಲೇಬೇಕು. ದೆಹಲಿಯಲ್ಲಿ ಹುಟ್ಟಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿರುವ ಪವನ್ ಸಿನ್ಹಾ ಅವರು ಪ್ರಾಜೆಕ್ಟ್ ಪ್ರಕಾಶ್ ಎಂಬ ಹೆಸರಿನಲ್ಲಿ ಉತ್ತರ ಭಾರತದ ಹಳ್ಳಿಗಳ ಹುಟ್ಟುಕುರುಡು ಮಕ್ಕಳನ್ನು ಹುಡುಕಿ ಚಿಕಿತ್ಸೆ ಕೊಡಿಸುತ್ತಾ ಬಂದಿದ್ದಾರೆ. ಎಂಟರಿಂದ ಹದಿನೇಳು ವರ್ಷದ ಐದು ಮಕ್ಕಳಿಗೆ ಆಪರೇಷನ್ ಆದ ಮೇಲೆ ಒಂದು ಪರೀಕ್ಷೆ ಮಾಡಿದರು. ಒಂದು ಆಟಿಕೆಯನ್ನು ಕೈಗೆ ಕೊಟ್ಟು ಮುಟ್ಟಿಸಿ, ಆಮೇಲೆ ಎರಡು ಆಟಿಕೆ ತೋರಿಸಿ, ಮುಟ್ಟಿದ್ದು ಯಾವುದು ಅಂತ ಕೇಳಿದರು. ಮಕ್ಕಳು ಅಂದಾಜಿನ ಮೇಲೆ ಹೇಳಿದರಷ್ಟೇ. ಕೈಗೆ ಗೊತ್ತಿದ್ದ ಆಕಾರ ಕಣ್ಣಿಗೆ ಗೊತ್ತಿರಲಿಲ್ಲ. ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿದರೆ ಚೆನ್ನಾಗಿಯೇ ಗುರುತಿಸಿದರು. 2011ರಲ್ಲಿ ಇದು ಪ್ರಕಟವಾಯಿತು. ನನಗೆ ಇದರಲ್ಲಿ ಎರಡೂ ಕಾಣುತ್ತದೆ. ತಡವಾಗಿ ಬಂದ ಮಗುವನ್ನೂ ಕೈಬಿಡಬಾರದು, ಮಿದುಳು ಇನ್ನೂ ಕಲಿಯುತ್ತದೆ. ಆದರೆ ಅಂಥ ಮಕ್ಕಳಿಗೆ ಸಣ್ಣ ಅಕ್ಷರ ಓದುವಷ್ಟು ಚೂಪಾದ ನೋಟ ಪೂರ್ತಿ ಬರುವುದು ಕಷ್ಟ. ಮೊದಲೇ ಬಂದಿದ್ದರೆ ಬರುತ್ತಿತ್ತು.

ಇನ್ನು ನಮ್ಮ ಮನೆಗಳ ವಿಷಯಕ್ಕೆ ಬರೋಣ. ಎರಡೂ ಕಣ್ಣು ಕುರುಡಾದ ಮಗು ಇದ್ದರೆ ಊರಿಗೆಲ್ಲ ತಿಳಿಯುತ್ತದೆ. ಯಾರ ಗಮನಕ್ಕೂ ಬರದೆ ಹೋಗುವುದು ಒಂದೇ ಕಣ್ಣಿನ ತೊಂದರೆ. ಒಂದು ಕಣ್ಣಿಗೆ ನಂಬರ್ ಇಲ್ಲ, ಇನ್ನೊಂದಕ್ಕೆ ನಾಲ್ಕು ನಂಬರ್ ಇದೆ ಅಂದುಕೊಳ್ಳಿ. ಚೆನ್ನಾಗಿ ಕಾಣುವ ಕಣ್ಣಿನ ಚಿತ್ರವನ್ನೇ ಮಿದುಳು ತೆಗೆದುಕೊಳ್ಳುತ್ತದೆ, ಮಂಜು ಚಿತ್ರವನ್ನು ತಳ್ಳಿಬಿಡುತ್ತದೆ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಎಳೆಯುತ್ತಾ ಇನ್ನೊಂದು ಸುಮ್ನೆ ಜೊತೆಯಲ್ಲಿ ನಡೆದರೂ ಗಾಡಿ ಮುಂದೆ ಹೋಗುತ್ತದಲ್ಲ, ದಾರಿಯಲ್ಲಿ ನಿಂತು ನೋಡುವವರಿಗೆ ಏನು ಗೊತ್ತಾಗುತ್ತದೆ? ಇದನ್ನೇ ನಾವು ಸೋಮಾರಿ ಕಣ್ಣು ಅನ್ನುತ್ತೇವೆ. ಕನ್ನಡಿಯಲ್ಲಿ ನೋಡಿದರೆ ಎರಡೂ ಕಣ್ಣು ಒಂದೇ ಥರ, ಟಾರ್ಚ್ ಬಿಟ್ಟು ನೋಡಿದರೂ ಅಷ್ಟೇ. 'ನೋಡೋಕೆ ಚೆನ್ನಾಗೇ ಇದೆಯಲ್ಲ ಮೇಡಂ' ಅನ್ನುತ್ತಾರೆ ಅಪ್ಪಂದಿರು. ಚೆನ್ನಾಗಿಯೇ ಇರುತ್ತದೆ. ನೋಟ ಮಾತ್ರ ಇರುವುದಿಲ್ಲ.

ಇದಕ್ಕೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಎಂಟು ಹತ್ತು ತಿಂಗಳ ಮಗು ಆಡುತ್ತಿರುವಾಗ ತಾಯಿ ಒಂದು ಕಣ್ಣನ್ನು ಕೈಯಿಂದ ಮೆಲ್ಲಗೆ ಮುಚ್ಚಲಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದನ್ನು ಮುಚ್ಚಲಿ. ಯಾವುದನ್ನು ಮುಚ್ಚಿದರೂ ಮಗು ಕೊಸರಾಡಿದರೆ ಅದು ಸಹಜ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು ಇನ್ನೊಂದನ್ನು ಮುಚ್ಚಿದ ತಕ್ಷಣ ಅತ್ತು ಕೈ ತಳ್ಳಿದರೆ ಅನುಮಾನಪಡಿ. ತಾನು ನೋಡುತ್ತಿರುವ ಒಂದೇ ಕಣ್ಣನ್ನು ನೀವು ಮುಚ್ಚಿರಬಹುದು. ಎರಡು ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ಮಾಡಿ ನೋಡಿ. ಹಾಗೇ ಆಗುತ್ತಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಬನ್ನಿ.

ಬೇಗ ಸಿಕ್ಕರೆ ಚಿಕಿತ್ಸೆಯಲ್ಲಿ ದೊಡ್ಡ ಖರ್ಚೇನೂ ಇಲ್ಲ. ಮೊದಲು ಸರಿಯಾದ ಕನ್ನಡಕ. ಅದರಿಂದಲೇ ಎಷ್ಟೋ ಮಕ್ಕಳ ನೋಟ ಸುಧಾರಿಸುತ್ತದೆ. ಸಾಲದಿದ್ದರೆ ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಇಷ್ಟು ಹೊತ್ತು ಅಂತ ಪಟ್ಟಿ. ಇಲ್ಲಿ ಬರುತ್ತದೆ ನೋಡಿ ಜಗಳ. 'ಚೆನ್ನಾಗಿರೋ ಕಣ್ಣನ್ನೇ ಮುಚ್ಚಿಸ್ತಾರಲ್ಲ, ಇವರಿಗೆ ಬುದ್ಧಿ ಇದೆಯಾ' ಅಂತ ಅಜ್ಜಿ ಬೈಯುತ್ತಾರೆ. ಅಜ್ಜಿಗೆ ಬಿಡಿಸಿ ಹೇಳಬೇಕು: ಚೆನ್ನಾಗಿರುವುದನ್ನು ಮುಚ್ಚಿದರೇ ಸುಮ್ಮನಿದ್ದದ್ದು ಕೆಲಸಕ್ಕೆ ಬರುವುದು. ಹಿಂದೆ ದಿನವಿಡೀ ಪಟ್ಟಿ ಹಾಕಿಸುತ್ತಿದ್ದರು, ಮಕ್ಕಳು ಕಿತ್ತೆಸೆಯುತ್ತಿದ್ದವು. 2003ರಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ, ತೊಂದರೆ ಮಧ್ಯಮ ಮಟ್ಟದ್ದಾಗಿದ್ದರೆ ದಿನಕ್ಕೆ 2 ಗಂಟೆ ಮುಚ್ಚಿದರೂ 6 ಗಂಟೆ ಮುಚ್ಚಿದಷ್ಟೇ ಪ್ರಯೋಜನ ಅಂತ ಗೊತ್ತಾಯಿತು. ಎರಡು ಗಂಟೆ ಅಂದರೆ ಮನೆಯಲ್ಲಿ ನಿಭಾಯಿಸಬಹುದು, ಅಲ್ವಾ? ಪಟ್ಟಿಯನ್ನು ಕನ್ನಡಕದ ಮೇಲಲ್ಲ, ಚರ್ಮಕ್ಕೇ ಅಂಟಿಸಿ. ಇಲ್ಲದಿದ್ದರೆ ಮಗು ಸಂದಿಯಿಂದ ಇಣುಕುತ್ತದೆ, ಬಹಳ ಜಾಣ ಪ್ರಾಣಿ ಅದು. ಆ ಹೊತ್ತಿನಲ್ಲಿ ಬಣ್ಣ ಹಚ್ಚಿಸಿ, ಮಣಿ ಪೋಣಿಸಲು ಕೊಡಿ, ಅಕ್ಕಿಯಲ್ಲಿ ಕಲ್ಲು ಆರಿಸಲು ಹೇಳಿ. ಪಟ್ಟಿ ಒಗ್ಗದೇ ಇದ್ದರೆ ಚೆನ್ನಾಗಿರುವ ಕಣ್ಣನ್ನು ಸ್ವಲ್ಪ ಮಂಜು ಮಾಡುವ ಹನಿಯೂ ಇದೆ, ಡಾಕ್ಟರನ್ನು ಕೇಳಿ.

ಏಳು ದಾಟಿದವರ ಗತಿ ಏನು? ಅದೇ ಅಮೆರಿಕದ ಗುಂಪು 2005ರಲ್ಲಿ ಪ್ರಕಟಿಸಿದ ಪ್ರಕಾರ, 7ರಿಂದ 12 ವರ್ಷದವರಿಗೆ ಕನ್ನಡಕದ ಜೊತೆ ಈ ಚಿಕಿತ್ಸೆಗಳನ್ನು ಕೊಟ್ಟಾಗ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸುಧಾರಣೆ ಕಂಡಿತು. ಆದ್ದರಿಂದ 'ಏಳು ವರ್ಷ ಆಯ್ತು, ಇನ್ನೇನೂ ಆಗಲ್ಲ' ಅಂತ ಯಾರಾದರೂ ವಾಪಸ್ ಕಳಿಸಿದರೆ ಇನ್ನೊಬ್ಬರಿಗೆ ತೋರಿಸಿ. ಆದರೆ ನಾಲ್ಕು ವರ್ಷದಲ್ಲಿ ಆಗುವಷ್ಟು ಸಲೀಸಾಗಿ ಹತ್ತರಲ್ಲಿ ಆಗುವುದಿಲ್ಲ.

ಮೆಳ್ಳೆಗಣ್ಣಿನ ವಿಷಯ. ನಮ್ಮಲ್ಲಿ ಇದನ್ನು ಅದೃಷ್ಟ ಅನ್ನುವವರಿದ್ದಾರೆ. ದೊಡ್ಡವನಾದರೆ ಸರಿಹೋಗುತ್ತದೆ ಅನ್ನುವವರು ಇನ್ನೂ ಜಾಸ್ತಿ. ಹುಟ್ಟಿದ ಮೊದಲ ಮೂರು ತಿಂಗಳು ಕಣ್ಣು ಆಗಾಗ ಆಚೀಚೆ ಹೋದರೆ ಭಯ ಬೇಡ, ಎರಡೂ ಕಣ್ಣು ಒಟ್ಟಿಗೆ ತಿರುಗುವುದನ್ನು ಮಗು ಇನ್ನೂ ಕಲಿಯುತ್ತಿರುತ್ತದೆ. ನಾಲ್ಕು ತಿಂಗಳಾದ ಮೇಲೂ ಹಾಗಿದ್ದರೆ, ಅಥವಾ ಯಾವ ವಯಸ್ಸಿನಲ್ಲೇ ಆಗಲಿ ಒಂದು ಕಣ್ಣು ಯಾವಾಗಲೂ ಓರೆಯಾಗಿಯೇ ನಿಂತಿದ್ದರೆ ತೋರಿಸಬೇಕು. ಮೂಗಿನ ಬುಡ ಅಗಲವಾಗಿರುವ ಕೂಸುಗಳಿಗೆ ಮೆಳ್ಳೆ ಇಲ್ಲದಿದ್ದರೂ ಇದ್ದ ಹಾಗೆ ಕಾಣುತ್ತದೆ. ಅದನ್ನೂ ಡಾಕ್ಟರೇ ಹೇಳಲಿ, ಪಕ್ಕದ ಮನೆಯವರು ಬೇಡ. ಎರಡು ಮೂರು ವರ್ಷಕ್ಕೆ ಇದ್ದಕ್ಕಿದ್ದಂತೆ ಕಣ್ಣು ಒಳಗೆ ತಿರುಗಿದ ಮಗುವಿಗೆ ಎಷ್ಟೋ ಸಲ ಪ್ಲಸ್ ನಂಬರಿನ ಕನ್ನಡಕ ಹಾಕಿದರೇ ಕಣ್ಣು ನೇರವಾಗುತ್ತದೆ, ಆಪರೇಷನ್ನೇ ಬೇಕಾಗುವುದಿಲ್ಲ. ಬೇಕಾದರೂ ಕಣ್ಣುಗುಡ್ಡೆ ಈಚೆ ತೆಗೆದು ಇಡುತ್ತಾರೆ ಅನ್ನುವುದೆಲ್ಲ ಕಟ್ಟುಕತೆ. ಪ್ರತಿ ಕಣ್ಣನ್ನು ತಿರುಗಿಸಲು ಹೊರಗಡೆ ಆರು ಸ್ನಾಯುಗಳಿವೆ. ಅವುಗಳಲ್ಲಿ ಒಂದೆರಡನ್ನು ಹಿಂದೆ ಮುಂದೆ ಮಾಡಿ ಹೊಲಿಯುತ್ತಾರೆ, ಅಷ್ಟೇ. ಮದುವೆ ಹೊತ್ತಿಗೆ ಅಂದಕ್ಕೆ ಮಾಡಿಸೋಣ ಅಂತ ಇಟ್ಟುಕೊಂಡರೆ ಕಣ್ಣು ನೇರ ಆಗಬಹುದು, ಹೋದ ನೋಟ ಬರುವುದಿಲ್ಲ.

ಇನ್ನೊಂದನ್ನು ಮಾತ್ರ ದಯವಿಟ್ಟು ಒಂದು ದಿನವೂ ತಡಮಾಡಬೇಡಿ. ಮಗುವಿನ ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ. ಫ್ಲಾಶ್ ಹಾಕಿ ಫೋಟೋ ತೆಗೆದಾಗ ಕಣ್ಣಲ್ಲಿ ಕೆಂಪು ಚುಕ್ಕೆ ಬರುತ್ತದಲ್ಲ, ಅದು ಕಣ್ಣಿನ ಹಿಂಭಾಗದ ಒಳಪರದೆಯ (ರೆಟಿನಾ) ಬಣ್ಣ. ಒಂದು ಕಣ್ಣಲ್ಲಿ ಕೆಂಪು, ಇನ್ನೊಂದರಲ್ಲಿ ಬಿಳಿ ಹೊಳಪು ಬಂದರೆ, ಅದೂ ಫೋಟೋದಿಂದ ಫೋಟೋಕ್ಕೆ ಹಾಗೇ ಬರುತ್ತಿದ್ದರೆ, ಹುಟ್ಟಿನಿಂದ ಬಂದ ಪೊರೆ ಇರಬಹುದು. ರೆಟಿನೋಬ್ಲಾಸ್ಟೋಮ ಅನ್ನುವ ಕಣ್ಣಿನ ಕ್ಯಾನ್ಸರೂ ಇರಬಹುದು. ಆ ಕ್ಯಾನ್ಸರ್ ಬರುವುದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೇ. ಗೆಡ್ಡೆ ಸಣ್ಣದಿರುವಾಗ ಸಿಕ್ಕರೆ ಜೀವ ಉಳಿಯುತ್ತದೆ, ಕಣ್ಣನ್ನೂ ಉಳಿಸಲು ಆಗುತ್ತದೆ. ತಡವಾದರೆ ಕಣ್ಣು ತೆಗೆಯಬೇಕಾಗಬಹುದು, ಇನ್ನೂ ತಡವಾದರೆ ಮಗುವೇ ಉಳಿಯುವುದಿಲ್ಲ. 'ಬೆಕ್ಕಿನ ಕಣ್ಣಿನ ಥರ ಹೊಳೀತದೆ, ಚೆನ್ನಾಗಿದೆ' ಅಂತ ಯಾರಾದರೂ ತಾಯಿ ಹೇಳಿದರೆ, ಆಶಾ ಅಕ್ಕಂದಿರೇ, ಆ ಮಗುವನ್ನು ಅವತ್ತೇ ಕಳಿಸಿ.

ಹುಟ್ಟಿನ ಪೊರೆಯಲ್ಲಿ ಒಂದು ಪಾಲು ತಡೆಯಬಹುದಾದದ್ದು. ತಾಯಿಗೆ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲ ಬಂದರೆ ಮಗುವಿಗೆ ಪೊರೆ ಬರಬಹುದು, ಹೃದಯ, ಕಿವಿ ಕೂಡ ಕೆಡಬಹುದು. ಇದನ್ನು ಮೊದಲು ಪತ್ತೆಹಚ್ಚಿದ್ದು ಒಬ್ಬ ಕಣ್ಣಿನ ಡಾಕ್ಟರ್, ಸಿಡ್ನಿಯ ನಾರ್ಮನ್ ಗ್ರೆಗ್, 1941ರಲ್ಲಿ. ಒಂದೇ ಸಮಯದಲ್ಲಿ ಇಷ್ಟೊಂದು ಕೂಸುಗಳಿಗೆ ಪೊರೆ ಯಾಕೆ ಬಂತು ಅಂತ ತಲೆಕೆಡಿಸಿಕೊಂಡು ತಾಯಂದಿರನ್ನು ಕೇಳುತ್ತಾ ಹೋದರು. ನಮ್ಮಲ್ಲಿ 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲ ಲಸಿಕೆ ಅಭಿಯಾನ ಶುರುವಾದಾಗ ಮೊದಲ ಸುತ್ತಿನಲ್ಲೇ ಕರ್ನಾಟಕ ಇತ್ತು. ಶಾಲೆಗೆ ಬಂದು ಚುಚ್ಚಿದರು ಅಂತ ಎಷ್ಟು ಗಲಾಟೆ, ಎಷ್ಟು ವಾಟ್ಸಾಪ್ ಸುಳ್ಳುಗಳು ಹರಿದಾಡಿದವು ಅಂತ ನಿಮಗೆ ನೆನಪಿರಬಹುದು. ಅದು ಕಣ್ಣಿನ ಲಸಿಕೆಯೂ ಹೌದು.

ಈಗ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಿಷಯ. ಇದನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಗಡುವು ದಿನಗಳ ಲೆಕ್ಕದಲ್ಲಿದೆ. ಕಣ್ಣಿನ ಒಳಪರದೆಗೆ ಹೋಗುವ ರಕ್ತನಾಳಗಳು ತಾಯಿಯ ಹೊಟ್ಟೆಯಲ್ಲಿ ಮಧ್ಯದಿಂದ ಅಂಚಿನ ಕಡೆಗೆ ಬೆಳೆಯುತ್ತವೆ. ಅಂಚು ಮುಟ್ಟುವ ಹೊತ್ತಿಗೆ ಒಂಬತ್ತು ತಿಂಗಳು ತುಂಬಿರುತ್ತದೆ. ಏಳು ತಿಂಗಳಿಗೇ ಹುಟ್ಟಿದ ಕೂಸಿಗೆ ಈ ಬೆಳವಣಿಗೆ ಅರ್ಧಕ್ಕೇ ನಿಂತಿರುತ್ತದೆ. ಆಮೇಲೆ ನಾಳಗಳು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಎಳೆದು ಕಿತ್ತುಹಾಕಬಹುದು. ಇದಕ್ಕೆ ಆರ್‌ಒಪಿ ಅನ್ನುತ್ತಾರೆ. 1940ರ ದಶಕದಲ್ಲಿ ಅಮೆರಿಕ, ಯೂರೋಪಿನ ಒಳ್ಳೆಯ ಆಸ್ಪತ್ರೆಗಳಲ್ಲೇ ಇದು ಜಾಸ್ತಿಯಾಗಿತ್ತು. ಜೀವ ಉಳಿಸಲು ಲೆಕ್ಕವಿಲ್ಲದೆ ಕೊಟ್ಟ ಆಮ್ಲಜನಕವೇ ಕಾರಣ ಅಂತ ಆಮೇಲೆ ತಿಳಿಯಿತು. ಗಾಯಕ ಸ್ಟೀವಿ ವಂಡರ್ 1950ರಲ್ಲಿ ಅವಧಿಗೆ ಮುಂಚೆ ಹುಟ್ಟಿ ಇದೇ ಕಾರಣಕ್ಕೆ ದೃಷ್ಟಿ ಕಳೆದುಕೊಂಡವರು.

ಈಗ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಒಂದೂಕಾಲು ಕಿಲೋ ಕೂಸು ಬದುಕುತ್ತದೆ. ಬಹಳ ಸಂತೋಷ. ಹಾಗೆ ಬದುಕಿದ ಕೂಸಿನ ಕಣ್ಣನ್ನು ಯಾರಾದರೂ ನೋಡಬೇಕಲ್ಲ! ನಮ್ಮ ದೇಶದ ನಿಯಮ ಹೀಗಿದೆ: ಹುಟ್ಟಿದಾಗ ತೂಕ 2 ಕಿಲೋಗಿಂತ ಕಡಿಮೆ ಇದ್ದರೆ, ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ್ದರೆ, ಹುಟ್ಟಿದ 30 ದಿನದೊಳಗೆ ಕಣ್ಣಿನ ಒಳಪರದೆ ಪರೀಕ್ಷೆ ಆಗಬೇಕು. ತೀರಾ ಸಣ್ಣ ಕೂಸಾದರೆ ಎರಡು ಮೂರು ವಾರಕ್ಕೇ ಆಗಬೇಕು. ಅಮೆರಿಕದಲ್ಲಿ ಒಂದೂವರೆ ಕಿಲೋಗೆ ಗೆರೆ ಹಾಕಿಕೊಂಡಿದ್ದಾರೆ. ನಮ್ಮಲ್ಲಿ ಅದಕ್ಕಿಂತ ದಪ್ಪ ಕೂಸುಗಳಿಗೂ ಇದು ಬರುತ್ತದೆ, ಅದಕ್ಕೇ ನಮ್ಮ ಗೆರೆ ಮೇಲಿದೆ. ಒಳಗೆ ತೊಂದರೆ ಕಂಡರೆ ಎರಡು ಮೂರು ದಿನದಲ್ಲಿ ಲೇಸರ್ ಅಥವಾ ಇಂಜೆಕ್ಷನ್ ಕೊಡಬೇಕು. ಹೊರಗಿನಿಂದ ಏನೂ ಕಾಣುವುದಿಲ್ಲ, ನೆನಪಿರಲಿ. ಚೆನ್ನೈನಲ್ಲಿ 1996ರಲ್ಲಿ ಹೀಗೆ ಹುಟ್ಟಿದ ಒಂದು ಹೆಣ್ಣುಮಗುವಿಗೆ ಈ ಪರೀಕ್ಷೆ ಆಗಲಿಲ್ಲ, ಎರಡೂ ಕಣ್ಣು ಹೋದವು. ತಂದೆ ಹದಿನೆಂಟು ವರ್ಷ ಕೋರ್ಟು ಅಲೆದರು. 2015ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ದುಡ್ಡು ಬಂತು ಅಂತ ಕಣ್ಣು ಬರುತ್ತದಾ?

ಈ ವಿಷಯದಲ್ಲಿ ಕರ್ನಾಟಕ ಹೆಮ್ಮೆಪಡುವಂಥ ಒಂದು ಕೆಲಸ ಆಗಿದೆ. ಕೂಸುಗಳ ಒಳಪರದೆ ನೋಡಬಲ್ಲ ಡಾಕ್ಟರುಗಳು ಇರುವುದು ದೊಡ್ಡ ಊರುಗಳಲ್ಲಿ, ಕೂಸುಗಳು ಇರುವುದು ಎಲ್ಲ ಕಡೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ತಂಡ 2008ರಲ್ಲಿ ಕಿಡ್‌ರಾಪ್ ಅನ್ನುವ ಯೋಜನೆ ಶುರು ಮಾಡಿತು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ ಜಿಲ್ಲೆಯ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ಒಳಪರದೆಯ ಚಿತ್ರ ತೆಗೆಯುತ್ತಾರೆ, ಡಾಕ್ಟರು ಇದ್ದಲ್ಲಿಂದಲೇ ಅದನ್ನು ನೋಡಿ ಹೇಳುತ್ತಾರೆ. ಹಿಂದುಳಿದ ಜಿಲ್ಲೆಯ ಬಾಣಂತಿ ಹಸಿ ಮೈಯಲ್ಲಿ ಕೂಸು ಎತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತುವ ಪಾಡು ಎಷ್ಟೋ ತಪ್ಪಿದೆ. ನೀವು ಮಾಡಬೇಕಾದ್ದು ಇಷ್ಟೇ. ಬಾಣಂತಿ ಮನೆಗೆ ಹೋದಾಗ ಡಿಸ್ಚಾರ್ಜ್ ಕಾರ್ಡ್ ಕೇಳಿ. ತೂಕ, ವಾರ ನೋಡಿ. 2 ಕಿಲೋಗಿಂತ ಕಡಿಮೆ ಇದ್ದು ಕಣ್ಣು ಪರೀಕ್ಷೆ ಆದದ್ದು ಕಾರ್ಡಿನಲ್ಲಿ ಬರೆದಿಲ್ಲವಾದರೆ ಕೆಂಪು ಪೆನ್ನಲ್ಲಿ ತಾರೀಕು ಬರೆದುಕೊಡಿ: ಇಷ್ಟರೊಳಗೆ ಹೋಗಬೇಕು ಅಂತ.

ಕಾಡಿಗೆ ವಿಷಯ ಎತ್ತಿದರೆ ಅಜ್ಜಿಯರು ಮುನಿಸಿಕೊಳ್ಳುತ್ತಾರೆ. ಆದರೂ ಹೇಳುತ್ತೇನೆ. ಕಾಡಿಗೆ ಹಚ್ಚಿದರೆ ಕಣ್ಣು ದೊಡ್ಡದಾಗುವುದಿಲ್ಲ. ಬೆರಳಿನ ಕೊಳೆ ಒಳಗೆ ಹೋಗುತ್ತದೆ, ಅಂಗಡಿಯ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸವೂ ಇರುತ್ತದೆ. ದೃಷ್ಟಿಬೊಟ್ಟು ಬೇಕೇ ಬೇಕು ಅಂದರೆ ಕೆನ್ನೆಗೋ ಅಂಗಾಲಿಗೋ ಇಡಿ, ನನ್ನದೇನೂ ತಕರಾರಿಲ್ಲ. ಎಣ್ಣೆ ಸ್ನಾನ ಮಾಡಿಸುವಾಗ ಕಣ್ಣಿಗೆ ಹರಳೆಣ್ಣೆ ಬಿಡುವುದು, ಗೀಜು ಬಂದರೆ ಎದೆಹಾಲು ಹಿಂಡುವುದು, ಎರಡೂ ಬೇಡ. ಕೂಸಿನ ಒಂದು ಕಣ್ಣಲ್ಲಿ ಯಾವಾಗಲೂ ನೀರು ತುಂಬಿಕೊಂಡಿದ್ದರೆ ಕಣ್ಣೀರಿನ ಕೊಳವೆ ತೆರೆದಿರುವುದಿಲ್ಲ. ಮೂಗಿನ ಬುಡದಲ್ಲಿ ಹೇಗೆ ಒತ್ತಿ ತೀಡಬೇಕು ಅಂತ ಡಾಕ್ಟರು ತೋರಿಸಿಕೊಡುತ್ತಾರೆ. ಹೆಚ್ಚಿನ ಕೂಸುಗಳಿಗೆ ವರ್ಷದೊಳಗೆ ತಾನಾಗಿ ತೆರೆದುಕೊಳ್ಳುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಿ ಕಣ್ಣು ಕೆಂಪಾಗಿ ಊದಿ ಕೀವು ಬಂದರೆ ಮಾತ್ರ ಕಾಯಬೇಡಿ.

ಎಲೆ ಅಡಿಕೆ ಹಾಕುವ ಮನೆಗಳಿಗೆ ಒಂದು ಮಾತು. ಸುಣ್ಣದ ಡಬ್ಬಿ, ಪ್ಯಾಕೆಟ್ಟು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮಗು ಅದನ್ನು ಹಿಸುಕುತ್ತದೆ, ಪಟ್ಟನೆ ಒಡೆದು ಸುಣ್ಣ ನೇರ ಕಣ್ಣಿಗೆ ಹಾರುತ್ತದೆ. ಸುಣ್ಣ ಕಣ್ಣನ್ನು ಸುಡುತ್ತಾ ಒಳಗೆ ಇಳಿಯುತ್ತಲೇ ಹೋಗುತ್ತದೆ. ಹಾಗಾದರೆ ಆಸ್ಪತ್ರೆಗೆ ಓಡುವ ಮೊದಲು ನಲ್ಲಿ ಕೆಳಗೆ ಹಿಡಿದು, ಇಲ್ಲವೇ ಚೊಂಬಿನಿಂದ ಶುದ್ಧ ನೀರು ಹುಯ್ಯುತ್ತಾ, ರೆಪ್ಪೆ ಬಿಡಿಸಿ ಅರ್ಧ ಗಂಟೆ ತೊಳೆಯಿರಿ. ಮಗು ಅರಚುತ್ತದೆ, ಅರಚಲಿ. ಮೊದಲ ಐದು ನಿಮಿಷ ತೊಳೆದದ್ದು ಆಮೇಲಿನ ಎಷ್ಟೋ ಚಿಕಿತ್ಸೆಗಿಂತ ಮೇಲು. ಚಿನ್ನಿದಾಂಡು, ಬಿಲ್ಲುಬಾಣ, ದೀಪಾವಳಿ ಪಟಾಕಿ, ಇವುಗಳ ಬಗ್ಗೆ ನಿಮಗೆಲ್ಲ ಗೊತ್ತು.

ಇನ್ನು ಮೈನಸ್ ನಂಬರ್, ದೂರದ್ದು ಕಾಣದಿರುವುದು. ಎಲ್ಲರೂ ಮೊಬೈಲನ್ನು ಬೈಯುತ್ತಾರೆ. ಬೈಯಲಿ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ, ಅದಕ್ಕಿಂತ ಸಣ್ಣವರಿಗೆ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಹೇಳಿದೆ. ಆದರೆ ನನಗೆ ಅನ್ನಿಸುವುದು, ನಾವು ಅರ್ಧ ಮಾತು ಮಾತ್ರ ಆಡುತ್ತಿದ್ದೇವೆ. ಸಿಡ್ನಿಯಲ್ಲಿ ಮತ್ತು ಸಿಂಗಪುರದಲ್ಲಿ ಬೆಳೆಯುತ್ತಿದ್ದ, ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಹೋಲಿಸಿ 2008ರಲ್ಲಿ ಒಂದು ಅಧ್ಯಯನ ಬಂತು. ಸಿಂಗಪುರದಲ್ಲಿ 29.1 ಶೇಕಡ ಮಕ್ಕಳಿಗೆ ಮೈನಸ್ ನಂಬರ್, ಸಿಡ್ನಿಯಲ್ಲಿ 3.3 ಶೇಕಡ ಮಾತ್ರ. ಸಿಡ್ನಿಯ ಮಕ್ಕಳು ಓದುವುದೇನೂ ಕಡಿಮೆ ಇರಲಿಲ್ಲ. ಎದ್ದು ಕಂಡ ವ್ಯತ್ಯಾಸ ಅಂದರೆ ಅವರು ವಾರಕ್ಕೆ ಸುಮಾರು 14 ಗಂಟೆ ಮನೆ ಹೊರಗೆ ಇರುತ್ತಿದ್ದರು, ಸಿಂಗಪುರದವರು 3 ಗಂಟೆ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೊರಾಂಗಣದ ಒಂದು ಪೀರಿಯಡ್ ಸೇರಿಸಿದರು. ಮೂರು ವರ್ಷ ಬಿಟ್ಟು ನೋಡಿದರೆ ಹೊಸದಾಗಿ ನಂಬರ್ ಬಂದವರು 30.4 ಶೇಕಡ. ಹಾಗೆ ಸೇರಿಸದ ಶಾಲೆಗಳಲ್ಲಿ 39.5. ತೈವಾನ್ 2010ರಿಂದ ದಿನಕ್ಕೆ ಎರಡು ಗಂಟೆ ಮಕ್ಕಳನ್ನು ಹೊರಗೆ ಬಿಡಿ ಅಂತ ಶಾಲೆಗಳಿಗೇ ಹೇಳಿದೆ. ಹಗಲಿನ ಬೆಳಕು ಕಣ್ಣುಗುಡ್ಡೆ ಮಿತಿಮೀರಿ ಉದ್ದ ಬೆಳೆಯದ ಹಾಗೆ ತಡೆಯುತ್ತದೆ ಅನ್ನುವುದು ವಿಜ್ಞಾನಿಗಳ ಅಭಿಪ್ರಾಯ.

ನಮ್ಮ ರಾಜ್ಯದಲ್ಲಿ ಬಿಸಿಲಿಗೇನು ಬರ? ಆದರೂ ಮಕ್ಕಳು ಎಲ್ಲಿದ್ದಾರೆ? ಬೆಳಿಗ್ಗೆ ವ್ಯಾನಿನಲ್ಲಿ, ಆಮೇಲೆ ಕೊಠಡಿಯಲ್ಲಿ, ಸಂಜೆ ಟ್ಯೂಷನ್ನಿನಲ್ಲಿ. ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ತೆಗೆದುಕೊಂಡರೆ ಪೋಷಕರು ಖುಷಿಪಡುತ್ತಾರೆ. ನನ್ನ ಕೇಳಿದರೆ ಆ ಪೀರಿಯಡ್ ಕಣ್ಣಿನ ಔಷಧಿ, ಅದನ್ನು ಕಸಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ನನ್ನ ಮಾತು ಸಾಕು. ನಿಮ್ಮ ಪ್ರಶ್ನೆ ಕೇಳಿ.

'ಮೇಡಂ, ನಮ್ಮ ಮಗು ಇನ್ನೂ ಅ ಆ ಕಲಿತಿಲ್ಲ. ಅಕ್ಷರ ಓದಿಸದೆ ನಂಬರ್ ಹೇಗೆ ಹೇಳುತ್ತೀರಿ?'

ಒಳ್ಳೆಯ ಪ್ರಶ್ನೆ. ನಂಬರ್ ತಿಳಿಯಲು ಮಗು ಮಾತಾಡಲೇಬೇಕಿಲ್ಲ. ಪಾಪೆ ದೊಡ್ಡದಾಗುವ ಹನಿ ಬಿಟ್ಟು, ಕಣ್ಣಿನೊಳಗೆ ಬೆಳಕಿನ ಗೆರೆ ಆಡಿಸಿ, ಅದು ಹೇಗೆ ವಾಪಸ್ ಬರುತ್ತದೆ ಅಂತ ನೋಡಿ ಹೇಳುತ್ತೇವೆ. ಆರು ತಿಂಗಳ ಕೂಸಿಗೂ ಆಗುತ್ತದೆ. ಮೂರು ವರ್ಷದವರಿಗೆ ಸೇಬು, ಮನೆ, ವೃತ್ತ, ಚೌಕ ಇರುವ ಚಾರ್ಟ್ ಇದೆ. ಫಿನ್‌ಲ್ಯಾಂಡಿನ ಲೇಯಾ ಹೈವಾರಿನೆನ್ ಎಂಬ ಡಾಕ್ಟರಮ್ಮ 1976ರಲ್ಲಿ ಮಾಡಿದ್ದು. ಮಗು ಹೆಸರು ಹೇಳದಿದ್ದರೂ ಕೈಯಲ್ಲಿರುವ ಕಾರ್ಡಿನಲ್ಲಿ ಅದೇ ಚಿತ್ರ ತೋರಿಸಿದರೆ ಸಾಕು.

'ಏನೂ ತೊಂದರೆ ಇಲ್ಲದಿದ್ದರೂ ತೋರಿಸಬೇಕಾ? ಯಾವಾಗ?'

ಹೌದು. ಹುಟ್ಟಿದಾಗ ಮಕ್ಕಳ ಡಾಕ್ಟರು ಪಾಪೆಗೆ ಬೆಳಕು ಬಿಟ್ಟು ಒಮ್ಮೆ ನೋಡಿರಬೇಕು. ಆಮೇಲೆ ವರ್ಷದೊಳಗೆ ಒಮ್ಮೆ ತೋರಿಸಿದರೆ ಒಳ್ಳೆಯದು. ಮೂರು ತುಂಬಿದ ಮೇಲೆ ಒಮ್ಮೆ, ಒಂದನೇ ತರಗತಿಗೆ ಹಾಕುವ ಮೊದಲು ಇನ್ನೊಮ್ಮೆ, ಇವೆರಡನ್ನು ತಪ್ಪಿಸಬೇಡಿ. ಅಪ್ಪ ಅಮ್ಮನಿಗೆ ಮೆಳ್ಳೆ ಇದ್ದರೆ, ಚಿಕ್ಕಂದಿನಲ್ಲೇ ದಪ್ಪ ಕನ್ನಡಕ ಬಂದಿದ್ದರೆ ಮೂರರವರೆಗೂ ಕಾಯಬೇಡಿ. ಆರ್‌ಬಿಎಸ್‌ಕೆ ತಂಡ, ಅಂದರೆ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡ, ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. 2013ರಿಂದ ಇರುವ ಯೋಜನೆ ಅದು. ಅವರು ಬರುವ ದಿನ ಮಗುವನ್ನು ತಪ್ಪದೆ ಕಳಿಸಿ, ಮದುವೆ ಜಾತ್ರೆ ಅಂತ ಕರೆದುಕೊಂಡು ಹೋಗಬೇಡಿ.

'ಕನ್ನಡಕ ಹಾಕ್ತಾ ಹಾಕ್ತಾ ನಂಬರ್ ಜಾಸ್ತಿ ಆಗುತ್ತೆ ಅಂತಾರೆ. ಹೆಣ್ಣುಮಗು ಬೇರೆ...'

ನಂಬರ್ ಜಾಸ್ತಿ ಆಗುವುದು ಕಣ್ಣು ಬೆಳೆಯುವುದರಿಂದ, ಕನ್ನಡಕದಿಂದ ಅಲ್ಲ. ಬೇಕಂತಲೇ ಕಡಿಮೆ ನಂಬರ್ ಕೊಟ್ಟು ನೋಡಿದ ಒಂದು ಅಧ್ಯಯನ ಮಲೇಷ್ಯಾದಲ್ಲಿ ಆಯಿತು, 2002ರಲ್ಲಿ. ಅಂಥ ಮಕ್ಕಳಿಗೇ ನಂಬರ್ ಜಾಸ್ತಿ ಏರಿತು. ಹೆಣ್ಣುಮಗು ಅಂದಿರಲ್ಲ, ಅದಕ್ಕೆ ನನಗೆ ಸಿಟ್ಟು ಬರುತ್ತದೆ. ಅಣ್ಣನಿಗೆ ಕನ್ನಡಕ, ತಂಗಿಗೆ ಕ್ಯಾರೆಟ್ಟು, ಇದನ್ನು ಬಹಳ ನೋಡಿದ್ದೇನೆ. ಕ್ಯಾರೆಟ್ ತಿಂದರೆ ನಂಬರ್ ಇಳಿಯುವುದಿಲ್ಲ. ವಿಟಮಿನ್ ಎ ಬೇಕು, ಅದಿಲ್ಲದಿದ್ದರೆ ಇರುಳುಗಣ್ಣು ಬರುತ್ತದೆ, ಬಿಳಿಗುಡ್ಡೆ ಒಣಗುತ್ತದೆ, ಮುಂದುವರಿದರೆ ಕರಿಗುಡ್ಡೆ ಕರಗಿಯೇ ಹೋಗಬಹುದು. ಅದಕ್ಕೆ ನುಗ್ಗೆ ಸೊಪ್ಪು, ಪಪ್ಪಾಯಿ, ಮಾವು ಇವೆ. ಒಂಬತ್ತನೇ ತಿಂಗಳಿಂದ ಐದು ವರ್ಷದವರೆಗೆ ಒಟ್ಟು ಒಂಬತ್ತು ಸಲ ಸರ್ಕಾರವೇ ಹನಿ ಕುಡಿಸುತ್ತದೆ. ತಾಯಿ ಕಾರ್ಡಿನಲ್ಲಿ ಎಷ್ಟಾಗಿದೆ ಅಂತ ಮನೆಗೆ ಹೋಗಿ ನೋಡಿ.

'ನಾಳೆ ತಾಲ್ಲೂಕು ಆಸ್ಪತ್ರೆಗೆ ಬಂದರೆ ಏನೇನು ತರಬೇಕು ಮೇಡಂ?'

ಹುಟ್ಟಿದಾಗಿನ ಡಿಸ್ಚಾರ್ಜ್ ಕಾರ್ಡ್, ಹಳೆ ಕನ್ನಡಕ ಇದ್ದರೆ ಅದು, ಒಡೆದಿದ್ದರೂ ಸರಿ. ಕಣ್ಣು ಓರೆಯಾದ ಹಾಗೆ ಕಾಣುವ ಫೋಟೋ ಮೊಬೈಲಿನಲ್ಲಿದ್ದರೆ ಅಳಿಸಬೇಡಿ, ನಮ್ಮ ಮುಂದೆ ಕೂತಾಗ ಎಷ್ಟೋ ಮಕ್ಕಳ ಕಣ್ಣು ನೇರವಾಗಿಯೇ ಇರುತ್ತದೆ. ಮಗುವಿಗೆ ತಿಂಡಿ ತಿನ್ನಿಸಿ, ನಿದ್ದೆ ಮಾಡಿಸಿ ಕರೆತನ್ನಿ. ಮಧ್ಯಾಹ್ನದ ಬಸ್ಸು ಹಿಡಿಯಬೇಕು ಅಂತ ಗಡಿಯಾರ ನೋಡಿಕೊಂಡು ಬರಬೇಡಿ, ಪಾಪೆಯ ಹನಿ ಕೆಲಸ ಮಾಡಲು ಮುಕ್ಕಾಲು ಗಂಟೆಯಾದರೂ ಬೇಕು. ಕೆಲವು ಹನಿಯಾದರೆ ಮಾರನೇ ದಿನವೂ ಹತ್ತಿರದ್ದು ಮಂಜಾಗಿಯೇ ಕಾಣುತ್ತದೆ. ಹೋಂವರ್ಕ್ ಮಾಡಿಲ್ಲ ಅಂತ ಹೊಡೆಯದ ಹಾಗೆ ಮೇಷ್ಟ್ರಿಗೆ ಚೀಟಿ ಬೇಕಾದರೆ ಕೇಳಿ, ಬರೆದುಕೊಡುತ್ತೇನೆ. ವಾಪಸ್ ಹೋಗುವಾಗ ಬಿಸಿಲು ಕುಕ್ಕುತ್ತದೆ, ಒಂದು ಟೋಪಿ ಇಟ್ಟುಕೊಂಡು ಬನ್ನಿ.